ಹಕ್ಕಿ ಚಿತ್ರಗಳಿಗೆ ಮೊದಲ ಟೆಲಿ ಲೆನ್ಸ್: 250 ಸಾಕೇ, 600ಕ್ಕೆ ಕಾಯಬೇಕೇ?

ಹೊಸಗಣ್ಣು:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಕ್ಯಾನನ್ 200ಡಿ, ಅದರ ಜೊತೆಯಲ್ಲೇ ಬಂದ 18-55 ಲೆನ್ಸ್ (ಈ ಸಂಖ್ಯೆಗಳು ಮಿಲಿಮೀಟರಿನಲ್ಲಿ ಫೋಕಲ್ ಲೆಂಗ್ತ್; ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಆರು ತಿಂಗಳಿಂದ ಮನಸ್ಸೆಲ್ಲ ಹಕ್ಕಿಗಳ ಮೇಲೆ ನೆಟ್ಟಿದೆ. ಮನೆಯ ಹಿಂದಿನ ಗಿಡಗಳಿಗೆ ಪಿಕಳಾರ, ಸೂರಕ್ಕಿ ಬರುತ್ತವೆ. ನಡೆದು ಹೋಗುವಷ್ಟು ದೂರದಲ್ಲಿ ಕೆರೆಯಿದೆ; ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಪುಟ್ಟ ಮಿಂಚುಳ್ಳಿ. ಕಣ್ಣಿಗೆ ಎಷ್ಟೇ ಹತ್ತಿರವೆನಿಸಿದರೂ ಚಿತ್ರದಲ್ಲಿ ಹಕ್ಕಿ ಸಾಸಿವೆ ಕಾಳಿನಷ್ಟೇ ಕಾಣುತ್ತದೆ.

ಈಗ ಕೈಯಲ್ಲಿರುವ ಹಣಕ್ಕೆ ಒಂದು 55-250 ಬರುತ್ತದೆ. ಇನ್ನೊಂದು ವರ್ಷ ಕೂಡಿಟ್ಟರೆ ಯಾರಾದರೂ ಬಳಸಿದ 150-600 ಸಿಗಬಹುದು. ಪರಿಚಯದವರೊಬ್ಬರು, "250 ಕೊಂಡರೆ ಆರೇ ತಿಂಗಳಿಗೆ ಸಾಲದೆನಿಸುತ್ತದೆ, ಹಾಕಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ" ಎಂದರು. ಎರಡೆರಡು ಸಲ ಕೊಳ್ಳುವ ಶಕ್ತಿ ನನಗಿಲ್ಲ. ಹಾಗೆಂದು ವರ್ಷವಿಡೀ ಸುಮ್ಮನೆ ನೋಡುತ್ತ ಕೂರಲೂ ಮನಸ್ಸಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕೆರೆದಂಡೆ:
ಕಾಯಿರಿ ಎಂದೇ ಹೇಳುತ್ತೇನೆ. ನಾನು ಹತ್ತು ವರ್ಷದಿಂದ ನೀರುಹಕ್ಕಿಗಳ ಹಿಂದಿರುವವನು. ಕೆರೆ ಎಂದಿರಲ್ಲ, ಅಲ್ಲಿಗೆ 250 ಒಯ್ಯುವುದೆಂದರೆ ಮೊಳದುದ್ದದ ಹಗ್ಗ ಹಿಡಿದು ಆಳದ ಬಾವಿಯಿಂದ ನೀರು ಸೇದಲು ಹೋದ ಹಾಗೆ. ಬೆಳ್ಳಕ್ಕಿ ನೀರಿನ ನಡುವೆ ನಿಂತಿರುತ್ತದೆ, ನೀವು ದಂಡೆಯ ಮೇಲಿರುತ್ತೀರಿ. ಆ ಅಂತರವನ್ನು ಕಾಲಿನಿಂದ ಕಡಿಮೆ ಮಾಡಲು ಸಾಧ್ಯವೇ ಇಲ್ಲ.

ಸಿಗ್ಮಾ 150-600 ಕಂಟೆಂಪರರಿ, ಇಲ್ಲವೇ ಟ್ಯಾಮ್ರಾನ್ 150-600ರ ಎರಡನೆಯ ತಲೆಮಾರು, ಅಂದರೆ 2016ರಲ್ಲಿ ಬಂದ ಜಿ2. ಇವೆರಡರಲ್ಲಿ ಯಾವುದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕ, ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿಗಿಂತ 1.6 ಪಟ್ಟು ಚಿಕ್ಕದು. ಆ 1.6ರ ಲೆಕ್ಕ ಹಾಕಿದರೆ 600 ಎಂಬುದು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 960 ಕೊಡುವಷ್ಟು ಬಿಗಿಯಾದ ನೋಟ ಕೊಡುತ್ತದೆ.

ತೂಕ ಇದೆ, ಒಪ್ಪುತ್ತೇನೆ. ಎರಡೂ ಎರಡು ಕಿಲೋ ಆಸುಪಾಸು ತೂಗುತ್ತವೆ. ನಾನು ಕಾಳು ತುಂಬಿದ ಬಟ್ಟೆಯ ಚೀಲವೊಂದನ್ನು ದಂಡೆಯಲ್ಲಿಟ್ಟು, ಅದರ ಮೇಲೆ ಲೆನ್ಸ್ ಒರಗಿಸಿ ಬೋರಲು ಮಲಗುತ್ತೇನೆ. ಲೆನ್ಸ್ ಹೆಚ್ಚುಕಡಿಮೆ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಹಕ್ಕಿಯ ಕಣ್ಣು, ನನ್ನ ಕಣ್ಣು ಒಂದೇ ಸಾಲಿಗೆ ಬರುತ್ತವೆ. ಹಿಂದಿನ ನೀರು, ಜೊಂಡು ಎಲ್ಲ ಕರಗಿ ಬರೀ ಬಣ್ಣವಾಗಿಬಿಡುತ್ತದೆ. ಅಂಥ ಒಂದು ಚಿತ್ರ ಸಿಕ್ಕಿತೆಂದರೆ ಹೊತ್ತ ಭಾರ ನೆನಪಿಗೇ ಬರುವುದಿಲ್ಲ.

ಪೊದೆಮರೆ:
ಕೆರೆದಂಡೆಯವರ ಚಿತ್ರಗಳ ಮೇಲೆ ನನಗೆ ತುಂಬ ಗೌರವವಿದೆ. ಈ ಸಲಹೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಆ ಒಂದು ವರ್ಷದಲ್ಲಿ ಕಲಿಯುವುದು ಎಷ್ಟಿದೆ! ಬೆಳಕು ಯಾವ ಕಡೆಯಿಂದ ಬಿದ್ದರೆ ಗರಿಯ ಬಣ್ಣ ತೆರೆದುಕೊಳ್ಳುತ್ತದೆ, ಹಾರುವ ಮುಂಚೆ ಹಕ್ಕಿ ಹೇಗೆ ಮೈ ಕುಗ್ಗಿಸುತ್ತದೆ, ಯಾವ ಕೊಂಬೆಗೆ ಮರಳಿ ಬರುತ್ತದೆ. ಇದನ್ನೆಲ್ಲ 600 ಕಲಿಸಿಕೊಡುವುದಿಲ್ಲ.

ನಾನು ಮೂರು ವರ್ಷ 55-250 ಒಂದರಲ್ಲೇ ತೆಗೆದವಳು. ಒಮ್ಮೆ ಕಳ್ಳಿಪೀರವೊಂದು ಒಣಗಿದ ಟೊಂಗೆಯಿಂದ ಹಾರಿ, ಹುಳ ಹಿಡಿದು, ಅದೇ ಟೊಂಗೆಗೆ ವಾಪಸಾಗುವುದನ್ನು ಗಮನಿಸಿದೆ. ಐದಾರು ಮೀಟರ್ ಈಚೆ ಪೊದೆಯೊಂದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಮೊದಲ ಅರ್ಧ ಗಂಟೆ ಅದು ಬರಲಿಲ್ಲ. ಆಮೇಲೆ ಬಂತು, ತಲೆ ಓರೆ ಮಾಡಿ ನನ್ನನ್ನು ನೋಡಿತು, ಹೋಯಿತು. ಮೂರನೆಯ ಸಲ ಬಂದಾಗ ನಾನು ಅದಕ್ಕೆ ಒಂದು ಬಂಡೆಯಂತೆ ಕಂಡಿರಬೇಕು. ಕೊಕ್ಕಿನಲ್ಲಿದ್ದ ಜೇನುನೊಣವನ್ನು ಟೊಂಗೆಗೆ ಬಡಿಯುವ ಟಕ್ ಟಕ್ ಸದ್ದು ನನಗೆ ಕೇಳುವಷ್ಟು ಹತ್ತಿರ ಇತ್ತು. ಆ ದಿನದ ಚಿತ್ರದಲ್ಲಿ ನೊಣದ ರೆಕ್ಕೆಯ ನರಗಳೂ ಕಾಣುತ್ತವೆ.

375 ಗ್ರಾಂ ತೂಗುವ ಲೆನ್ಸ್ ಅದು. ಎಲ್ಲಿ ಹೋದರೂ ಚೀಲದಲ್ಲಿರುತ್ತದೆ. ಮನೆಯಲ್ಲಿ ಬಿಟ್ಟು ಬಂದ ದೊಡ್ಡ ಲೆನ್ಸಿನಲ್ಲಿ ಯಾರೂ ಚಿತ್ರ ತೆಗೆದದ್ದಿಲ್ಲ.

ಮಾಪಕ:
ಇಬ್ಬರೂ ಅನುಭವ ಹೇಳಿದ್ದೀರಿ, ನಾನು ಲೆಕ್ಕ ಹೇಳುತ್ತೇನೆ. ಲೆಕ್ಕ ಸುಲಭ: ಫೋಕಲ್ ಲೆಂಗ್ತನ್ನು ದೂರದಿಂದ ಭಾಗಿಸಿ, ಹಕ್ಕಿಯ ಉದ್ದದಿಂದ ಗುಣಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಉದ್ದ ಬರುತ್ತದೆ. ಗುಬ್ಬಚ್ಚಿಯಷ್ಟು, ಅಂದರೆ 15 ಸೆಂಟಿಮೀಟರ್ ಉದ್ದದ ಹಕ್ಕಿ 10 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. 250ರಲ್ಲಿ ಅದರ ಬಿಂಬ 3.75 ಮಿಲಿಮೀಟರ್. 400ರಲ್ಲಿ 6. 600ರಲ್ಲಿ 9. ನಿಮ್ಮ ಸೆನ್ಸರಿನ ಅಗಲ 22.3 ಮಿಲಿಮೀಟರ್, ಅದರಲ್ಲಿ ಅಡ್ಡಲಾಗಿ 6000 ಪಿಕ್ಸೆಲ್. ಹಾಗಾಗಿ ಹಕ್ಕಿಯ ಪಾಲಿಗೆ ಸಿಗುವುದು 250ರಲ್ಲಿ ಸುಮಾರು 1000 ಪಿಕ್ಸೆಲ್, 400ರಲ್ಲಿ 1600, 600ರಲ್ಲಿ 2400. ಸಾವಿರ ಪಿಕ್ಸೆಲ್ ಸಿಕ್ಕರೆ ಪರದೆಯ ಮೇಲೆ ನೋಡಲು, ಚಿಕ್ಕದಾಗಿ ಮುದ್ರಿಸಲು ಸಾಕು. ಗೋಡೆಗೆ ಹಾಕುವಷ್ಟು ದೊಡ್ಡದು ಬೇಕಾದರೆ ಸಾಲದು.

ಇದರಲ್ಲೇ ಇನ್ನೊಂದು ವಿಷಯ ಅಡಗಿದೆ. ದೂರವನ್ನು ಅರ್ಧ ಮಾಡಿದರೆ ಫೋಕಲ್ ಲೆಂಗ್ತ್ ದುಪ್ಪಟ್ಟಾದಂತೆ. ಐದು ಮೀಟರ್ ದೂರದಲ್ಲಿ 250 ಕೊಡುವುದನ್ನು ಹತ್ತು ಮೀಟರ್ ದೂರದಲ್ಲಿ ಕೊಡಲು 500 ಬೇಕು. ಪೊದೆಮರೆಯವರ ಕಳ್ಳಿಪೀರದ ಗುಟ್ಟು ಇದೇ. ಆದರೆ ಕೆರೆಯಲ್ಲಿ ಇಪ್ಪತ್ತೈದು ಮೀಟರ್ ಆಚೆ ನಿಂತ ಹಕ್ಕಿಯ ದೂರವನ್ನು ಅರ್ಧ ಮಾಡುವ ಉಪಾಯ ನಮ್ಮ ಕೈಯಲ್ಲಿಲ್ಲ. ಅಲ್ಲಿ ಕೆರೆದಂಡೆಯವರ ಮಾತೇ ಸರಿ.

ಹೊಸಗಣ್ಣು ಅವರೇ, ಏನೂ ಕೊಳ್ಳುವ ಮುನ್ನ ಈಗಿರುವ ಲೆನ್ಸಿನಲ್ಲೇ ಒಂದು ಪರೀಕ್ಷೆ ಮಾಡಿ. 15 ಸೆಂಟಿಮೀಟರಿನ ಅಳತೆ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ. ಲೆನ್ಸನ್ನು 55ಕ್ಕೆ ಇಟ್ಟು 2.2 ಮೀಟರ್ ದೂರದಿಂದ ಒಂದು ಚಿತ್ರ ತೆಗೆಯಿರಿ. ಹತ್ತು ಮೀಟರ್ ದೂರದ ಹಕ್ಕಿ 250ರಲ್ಲಿ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ. 1.4 ಮೀಟರಿನಿಂದ ತೆಗೆದರೆ ಅದು 400ರ ಗಾತ್ರ, 90 ಸೆಂಟಿಮೀಟರಿನಿಂದ ತೆಗೆದರೆ 600ರ ಗಾತ್ರ. ಯಾರ ಮಾತೂ ಬೇಡ, ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಎರಡನೆಯ ಕೆಲಸ: ನಿಮ್ಮ ಹಕ್ಕಿಗಳು ನಿಜವಾಗಿ ಎಷ್ಟು ದೂರದಲ್ಲಿ ಕೂರುತ್ತವೆ ಎಂದು ಹೆಜ್ಜೆ ಹಾಕಿ ಅಳೆದು ಬರೆದಿಟ್ಟುಕೊಳ್ಳಿ. ಹಕ್ಕಿ ಹಾರಿಹೋದ ಮೇಲೆ ಅಳೆದರಾಯಿತು, ಅದು ಕೂತಿದ್ದ ಕೊಂಬೆ ಎಲ್ಲಿಗೂ ಹೋಗುವುದಿಲ್ಲ.

ಹೊಸಗಣ್ಣು:
ಮಾಪಕ ಅವರೇ, ಈ ಪರೀಕ್ಷೆ ನನಗೆ ಹೊಳೆದೇ ಇರಲಿಲ್ಲ. ಭಾನುವಾರ ಎರಡನ್ನೂ ಮಾಡಿ ಬರೆಯುತ್ತೇನೆ. ಅಷ್ಟರಲ್ಲಿ ಒಂದು ಸಂದೇಹ: 600ರ ಲೆನ್ಸುಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ಅಜಗಜಾಂತರ ಇರುವುದು ಏಕೆ?

ಮಾಪಕ:
ಮುಂದಿನ ಗಾಜಿನ ಅಗಲ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ದಾರಿಯ ಅಗಲ ಸಿಗುತ್ತದೆ. 600 ಎಫ್/4 ಆದರೆ 150 ಮಿಲಿಮೀಟರ್. 600 ಎಫ್/6.3 ಆದರೆ 95. ಅದಕ್ಕೇ ಕೆರೆದಂಡೆಯವರು ಹೇಳಿದ ಎರಡೂ ಲೆನ್ಸುಗಳ ಫಿಲ್ಟರ್ ಅಳತೆ 95 ಮಿಲಿಮೀಟರ್. 250 ಎಫ್/5.6ಕ್ಕೆ 45 ಮಾತ್ರ ಸಾಕು. ಅಷ್ಟು ಅಗಲದ ಗಾಜನ್ನು ದೋಷವಿಲ್ಲದೆ ಉಜ್ಜಿ ತಯಾರಿಸುವುದರಲ್ಲೇ ಹಣವೂ ಇದೆ, ತೂಕವೂ ಇದೆ. ಕ್ಯಾನನ್ 2020ರಲ್ಲಿ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ 600 ಎಫ್/11 ಲೆನ್ಸ್ ತಂದಿತು. ಅದು 930 ಗ್ರಾಂ ಮಾತ್ರ. ಉಳಿತಾಯವಾದ ತೂಕದ ಬೆಲೆಯನ್ನು ಬೆಳಕಿನಲ್ಲಿ ತೆರಬೇಕು (ಐಎಸ್ಒ ಎಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ; ಏರಿಸಿದಷ್ಟೂ ಚಿತ್ರ ಹರಳು ಹರಳಾಗುತ್ತದೆ): ಎಫ್/5.6ರಲ್ಲಿ ಐಎಸ್‌ಒ 800 ಸಾಕಾಗುವ ಕಡೆ ಎಫ್/11ಕ್ಕೆ 3200 ಬೇಕು. ನಿಮ್ಮ 200ಡಿಗೆ ಆ ಲೆನ್ಸ್ ಹೊಂದುವುದೂ ಇಲ್ಲ.

ಇಬ್ಬನಿ:
ಹೊಸಬರು ಎಂದ ಮೇಲೆ ಬ್ರಿಡ್ಜ್ ಕ್ಯಾಮೆರಾ, ಅಂದರೆ ಉದ್ದದ ಝೂಮ್ ಲೆನ್ಸ್ ಕ್ಯಾಮೆರಾಕ್ಕೇ ಅಂಟಿಕೊಂಡಿರುವ ಬಗೆ, ಅದರ ಬಗ್ಗೆ ಯಾರೂ ಹೇಳದಿರುವುದು ನೋಡಿ ಬರೆಯುತ್ತಿದ್ದೇನೆ. ನಾನು ಬಳಸುವುದು ನಿಕಾನ್ ಪಿ900. 2015ರದು, ಫುಲ್ ಫ್ರೇಮ್ ಲೆಕ್ಕದಲ್ಲಿ 2000 ಮಿಲಿಮೀಟರಿಗೆ ಸಮ. ಲೆನ್ಸ್ ಬದಲಿಸುವ ತಾಪತ್ರಯವೇ ಇಲ್ಲ. ನಾನು ಹಕ್ಕಿಗಳ ಪಟ್ಟಿ ಮಾಡುವವಳು. ಬಾನಿನಲ್ಲಿ ಚುಕ್ಕೆಯಂತಿರುವ ಹದ್ದು ಯಾವ ಜಾತಿಯದೆಂದು ಬಾಲದ ಆಕಾರ ನೋಡಿ ಹೇಳಬೇಕಾದಾಗ ಇದಕ್ಕಿಂತ ಒಳ್ಳೆಯ ಸಂಗಾತಿ ನನಗೆ ಸಿಕ್ಕಿಲ್ಲ. ಸೆನ್ಸರ್ ತುಂಬ ಚಿಕ್ಕದು, ಮೋಡ ಕವಿದ ದಿನ ಗರಿಗಳ ಸೂಕ್ಷ್ಮವೆಲ್ಲ ಕಲಸಿಹೋಗುತ್ತದೆ. ಹಾರುವ ಹಕ್ಕಿಯನ್ನು ಹಿಡಿಯುವುದಂತೂ ಕಷ್ಟ. ಒಳ್ಳೆಯ ಬಿಸಿಲಿದ್ದರೆ ಕೂತ ಹಕ್ಕಿಗೆ ತಕರಾರಿಲ್ಲ.

ಪೊದೆಮರೆ:
ಇಬ್ಬನಿ ಹೇಳುವುದು ಗುರುತಿಸುವವರಿಗೆ ಖಂಡಿತ ಸರಿ. ಆದರೆ ಇವರ ಕೈಯಲ್ಲಿ ಆಗಲೇ ಒಳ್ಳೆಯ ಕ್ಯಾಮೆರಾ ಇದೆ, ಅದನ್ನು ಬಿಟ್ಟು ಇನ್ನೊಂದು ಏಕೆ?

ನಸುಕು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಪ್ರಶ್ನೆ, ಕ್ಯಾಮೆರಾ ಮಾತ್ರ ನಿಕಾನ್ ಡಿ3200. ಎಎಫ್-ಪಿ 70-300 ಎಂಬ ಲೆನ್ಸ್ ಹಗುರ, ಚೂಪು, ಬೆಲೆಯೂ ಕಡಿಮೆ ಎಂದು ಓದಿದೆ. ತೆಗೆದುಕೊಳ್ಳಲೇ?

ಹಳೆಗಾಜು:
ನಸುಕು ಅವರೇ, ನಿಲ್ಲಿ! ಡಿ3200ರಲ್ಲಿ ಎಎಫ್-ಪಿ ಲೆನ್ಸುಗಳು ಫೋಕಸ್ ಆಗುವುದಿಲ್ಲ. ಡಿ5100, ಡಿ7000 ಕೂಡ ಅಷ್ಟೇ. ಲೆನ್ಸ್ ಒಳ್ಳೆಯದೇ, ನಿಮ್ಮ ಕ್ಯಾಮೆರಾ ಅದಕ್ಕಿಂತ ಹಳೆಯ ಕಾಲದ್ದು. ಇನ್ನೊಂದು ತಪ್ಪನ್ನೂ ಈಗಲೇ ಹೇಳಿಬಿಡುತ್ತೇನೆ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹಾಗಾಗಿ ಹೆಸರಿನಲ್ಲಿ ಬರೀ ಎಎಫ್ ಅಥವಾ ಎಎಫ್-ಡಿ ಎಂದಿರುವ ಹಳೆಯ ಲೆನ್ಸುಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಎಎಫ್-ಎಸ್ ಎಂದು ಬರೆದಿರುವುದನ್ನೇ ಹುಡುಕಿ, ಅವುಗಳ ಮೋಟರ್ ಲೆನ್ಸಿನೊಳಗೇ ಇರುತ್ತದೆ. ಎಎಫ್-ಎಸ್ 55-300 ವಿಆರ್ (ವಿಆರ್ ಎಂದರೆ ಕೈನಡುಕ ತಡೆಯುವ ಸ್ಥಿರೀಕರಣ), ಇಲ್ಲವೇ 2006ರ ಎಎಫ್-ಎಸ್ 70-300 ವಿಆರ್. ಎರಡೂ ಬಳಸಿದ ಲೆನ್ಸುಗಳ ನಡುವೆ ಬೇಕಾದಷ್ಟು ಸಿಗುತ್ತವೆ.

ನಸುಕು:
ನಾಳೆಯೇ ಹಣ ಕೊಡುವವನಿದ್ದೆ. ತುಂಬ ಉಪಕಾರವಾಯಿತು.

ಹಳೆಗಾಜು:
ಇನ್ನು ಹೊಸಗಣ್ಣು ಅವರ ವಿಷಯ. ಕ್ಯಾನನ್ 55-250ರಲ್ಲೇ ಮೂರು ಬಗೆಗಳಿವೆ: 2007ರ ಐಎಸ್ (ಕ್ಯಾನನ್ನಿನಲ್ಲಿ ಸ್ಥಿರೀಕರಣದ ಹೆಸರು), ಆಮೇಲೆ ಬಂದ ಐಎಸ್ ಎರಡು, 2013ರ ಎಸ್‌ಟಿಎಂ. ಎಸ್‌ಟಿಎಂ ಒಂದನ್ನೇ ಹುಡುಕಿ. ಅದರ ಗಾಜಿನ ವಿನ್ಯಾಸವೇ ಬೇರೆ. ಹೆಚ್ಚು ಚೂಪು, ಫೋಕಸ್ ಬೇಗ ಆಗುತ್ತದೆ, ಸದ್ದಿಲ್ಲ. 75-300 ಎಂಬ ಇನ್ನೊಂದು ಅಗ್ಗದ ಲೆನ್ಸ್ ಕಾಣಿಸುತ್ತದೆ. 300 ಎಂಬ ಸಂಖ್ಯೆ ನೋಡಿ ಮರುಳಾಗಬೇಡಿ, ಅದರಲ್ಲಿ ಕೈನಡುಕ ತಡೆಯುವ ಸ್ಥಿರೀಕರಣವೇ ಇಲ್ಲ.

250 ಮತ್ತು 600ರ ನಡುವೆಯೂ ಮೆಟ್ಟಿಲುಗಳಿವೆ. ಸಿಗ್ಮಾ 100-400, ಟ್ಯಾಮ್ರಾನ್ 100-400, ಎರಡೂ 2017ರವು, ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಸಿಗ್ಮಾದಲ್ಲಿ ಟ್ರೈಪಾಡಿಗೆ ಕೂರಿಸುವ ಪಟ್ಟಿ ಇಲ್ಲ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಅದರಿಂದ ತೊಂದರೆಯಿಲ್ಲ. ಕ್ಯಾನನ್ನಿನ 400 ಎಫ್/5.6 ಎಲ್ 1993ರ ಲೆನ್ಸ್. ಸ್ಥಿರೀಕರಣವಿಲ್ಲ, ಮೂರೂವರೆ ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಆದರೂ ಹಾರುವ ಹಕ್ಕಿಗಳನ್ನು ತೆಗೆಯುವವರು ಇಂದಿಗೂ ಅದನ್ನು ಕೈಬಿಟ್ಟಿಲ್ಲ, ಅಷ್ಟು ಚುರುಕು. ಬಿಸಿಲಿನಲ್ಲಿ ಹಾರುವ ಹಕ್ಕಿಗೆ ಹೇಗೂ ಸೆಕೆಂಡಿನ 1/2000ದ ಶಟರ್ ಇಡುತ್ತೀರಿ, ಅಲ್ಲಿ ಸ್ಥಿರೀಕರಣ ಮಾಡುವ ಕೆಲಸ ಕಡಿಮೆ.

ಬಳಸಿದ ಲೆನ್ಸ್ ಕೊಳ್ಳುವಾಗ ನಾನು ಮಾಡುವುದನ್ನು ಹೇಳುತ್ತೇನೆ. ಒಮ್ಮೆ ಚಿತ್ರ ನೋಡಿಯೇ ಹಣ ಕಳಿಸಿ ಕೈ ಸುಟ್ಟುಕೊಂಡ ಮೇಲೆ ಕಲಿತದ್ದು ಇದು. ಎರಡೂ ಬದಿಯ ಮುಚ್ಚಳ ತೆಗೆದು, ಹಿಂದಿನ ಗಾಜಿನ ಕಡೆಯಿಂದ ಟಾರ್ಚ್ ಓರೆಯಾಗಿ ಬಿಡಿ, ಮುಂದಿನಿಂದ ನೋಡಿ. ಟಾರ್ಚನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಧೂಳಿನ ಕಣಗಳು ಬಿಡಿಬಿಡಿ ಚುಕ್ಕೆಗಳಾಗಿ ಮಿನುಗುತ್ತವೆ. ನಾಲ್ಕಾರು ಇದ್ದರೆ ಚಿಂತೆಯಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಜೇಡನ ಎಳೆಯಂತೆ ಕವಲೊಡೆದ ಗೆರೆಗಳು ಗಾಜಿನ ಅಂಚಿನಿಂದ ಒಳಕ್ಕೆ ಹರಿದಿದ್ದರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ ಎನ್ನಿ. ಇಡೀ ಗಾಜು ಉಸಿರು ತಾಗಿದಂತೆ ಮಸುಕಾಗಿದ್ದರೂ ಬೇಡ.

ಆಮೇಲೆ ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ, ಅತಿ ಉದ್ದದ ತುದಿಗೆ ಎಳೆದು, ಅಪರ್ಚರ್ (ಬೆಳಕು ಒಳಬರುವ ದಾರಿ) ಪೂರ್ತಿ ತೆರೆದು, ಸಣ್ಣ ಅಕ್ಷರಗಳಿರುವ ಏನನ್ನಾದರೂ ಹತ್ತಿರದಿಂದ, ದೂರದಿಂದ ತೆಗೆಯಿರಿ. ಮಧ್ಯ ಚೂಪಾಗಿದ್ದು ಒಂದು ಮೂಲೆ ಮಾತ್ರ ಕಲಸಿದ್ದರೆ ಲೆನ್ಸ್ ಎಲ್ಲೋ ಬಿದ್ದಿದೆ, ಒಳಗಿನ ಗಾಜು ಓರೆಯಾಗಿದೆ. ಸ್ಥಿರೀಕರಣ ಹಾಕಿ ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗ ನೋಟ ತಟ್ಟನೆ ನೆಲೆ ನಿಲ್ಲಬೇಕು, ಕುಣಿಯಬಾರದು. ಮಾರುವವರು ಅವಸರ ಮಾಡಿದರೆ ಎದ್ದು ಬಂದುಬಿಡಿ.

ಕೆರೆದಂಡೆ:
ಹಳೆಗಾಜು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೂಷ್ಟು ಬರುವುದು ಚರ್ಮದ ಚೀಲದಲ್ಲಿ, ಕಪಾಟಿನ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇಟ್ಟಾಗ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸುವುದು. ಇಷ್ಟು ಮಾಡಿದರೆ ಹತ್ತು ವರ್ಷಕ್ಕೂ ಏನೂ ಆಗುವುದಿಲ್ಲ.

ಇನ್ನು ನನ್ನ ಮನಸ್ಸಿನಲ್ಲಿರುವ ನಿಜವಾದ ಆತಂಕ ಹೇಳುತ್ತೇನೆ. ಪೊದೆಮರೆಯವರಿಗೆ ಅರ್ಧ ಗಂಟೆ ಅಲುಗಾಡದೆ ಕೂರುವ ಸಂಯಮವಿದೆ. ಎಲ್ಲರಿಗೂ ಇರುವುದಿಲ್ಲ. ಚಿಕ್ಕ ಲೆನ್ಸ್ ಹಿಡಿದವರು ಒಂದೊಂದೇ ಹೆಜ್ಜೆ ಮುಂದಿಡುತ್ತ ಹಕ್ಕಿಯನ್ನು ಎಬ್ಬಿಸುವುದನ್ನು, ಗೂಡಿನ ಬಳಿಗೇ ಹೋಗಿ ನಿಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೆ ಒಬ್ಬರು ಎಲೆ ಸರಿಸಿ ಗೂಡಿನ ಚಿತ್ರ ತೆಗೆದರು. ಮರಿಗಳಿಗೆ ನೆರಳಾಗಿದ್ದ ಎಲೆ ಅದು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಪಕ್ಕದ ಮರದಲ್ಲೇ ಕೂಗುತ್ತಿತ್ತು, ಇಳಿದು ಬರಲಿಲ್ಲ. ಉದ್ದ ಲೆನ್ಸ್ ಹಕ್ಕಿಗೂ ನಮಗೂ ನಡುವೆ ಮರ್ಯಾದೆಯ ಅಂತರ ಇಡುತ್ತದೆ. ನಾನು 600 ಎನ್ನುವುದಕ್ಕೆ ಇದೂ ಒಂದು ಕಾರಣ.

ಪೊದೆಮರೆ:
ಈ ಮಾತಿಗೆ ಎದುರಾಡಲಾರೆ. ನನ್ನ ವಾದದಲ್ಲಿ ಇದನ್ನು ನಾನೇ ಮೊದಲು ಹೇಳಬೇಕಿತ್ತು. ಹಾಗಾಗಿ ಈಗ ಸ್ಪಷ್ಟವಾಗಿ ಬರೆಯುತ್ತೇನೆ: ನಾನು ಹಕ್ಕಿಯ ಹತ್ತಿರ ಹೋಗುವುದಿಲ್ಲ, ಹಕ್ಕಿ ಬರುವ ಕಡೆ ಮೊದಲೇ ಹೋಗಿ ಕೂರುತ್ತೇನೆ. ಅದು ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನನ್ನನ್ನೇ ನೋಡತೊಡಗಿತೋ, ನಾನು ಅತಿ ಹತ್ತಿರವಿದ್ದೇನೆ ಎಂದರ್ಥ, ಹಿಂದೆ ಸರಿಯುತ್ತೇನೆ. ಗೂಡು ಕಂಡರೆ ಕ್ಯಾಮೆರಾ ಎತ್ತುವುದೇ ಇಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಇಲ್ಲ. ಎದುರಾಳಿ ಬಂದಿದೆ ಎಂದು ಅದು ಗೂಡು, ಮೇವು ಎಲ್ಲ ಬಿಟ್ಟು ಪರದಾಡುತ್ತದೆ. 250 ಹಿಡಿಯುವವರು ಇದನ್ನು ಪಾಲಿಸಲಾರೆವು ಎಂದಾದರೆ ಕೆರೆದಂಡೆಯವರ ಸಲಹೆಯನ್ನೇ ಕೇಳಲಿ.

ಇಬ್ಬನಿ:
ಇಬ್ಬರ ಮಾತನ್ನೂ ಕೂಡಿಸಿದರೆ, ಬಾಡಿಗೆಗೆ ಸಿಗುವುದಾದರೆ ಒಂದು ದಿನ ದೊಡ್ಡ ಲೆನ್ಸ್ ಹಿಡಿದು ನೋಡುವುದು ಒಳ್ಳೆಯದಲ್ಲವೇ? ಹೊತ್ತು ನಡೆದ ಮೇಲೆ ತೋಳು ಏನು ಹೇಳುತ್ತದೆ ಎಂಬುದು ಲೆಕ್ಕದಲ್ಲಿ ಬರುವುದಿಲ್ಲ.

ಹೊಸಗಣ್ಣು:
ಮೂರು ವಾರ ಕಳೆದು ಬರೆಯುತ್ತಿದ್ದೇನೆ. ಹೇಳಿದ್ದೆಲ್ಲವನ್ನೂ ಮಾಡಿದೆ.

ಅಳತೆ ಪಟ್ಟಿಯ ಪರೀಕ್ಷೆಯಲ್ಲಿ ನನಗೆ ಆಶ್ಚರ್ಯವಾದದ್ದು 250ಕ್ಕೂ 400ಕ್ಕೂ ಇರುವ ವ್ಯತ್ಯಾಸ ನಾನೆಣಿಸಿದ್ದಕ್ಕಿಂತ ಕಡಿಮೆ ಅನಿಸಿದ್ದು. 600ರದ್ದು ಮಾತ್ರ ಎದ್ದು ಕಾಣುತ್ತದೆ. ಹೆಜ್ಜೆ ಹಾಕಿ ಅಳೆದ ದೂರಗಳು ಹೀಗಿವೆ: ಸೂರಕ್ಕಿ 3 ಮೀಟರ್, ಕೆಲವೊಮ್ಮೆ ಅದಕ್ಕೂ ಹತ್ತಿರ. ಪಿಕಳಾರ 6. ಕಾಜಾಣ 9. ಕೆರೆಯ ಮಿಂಚುಳ್ಳಿ ಕೂರುವ ಕೋಲು 14. ಬೆಳ್ಳಕ್ಕಿಯದನ್ನು ಅಳೆಯಲಾಗಲಿಲ್ಲ, ನಡುವೆ ನೀರು.

ಸಹೋದ್ಯೋಗಿಯೊಬ್ಬರಿಂದ 55-250 ಎಸ್‌ಟಿಎಂ ಒಂದು ವಾರಕ್ಕೆ ಕೇಳಿ ಪಡೆದೆ. 150-600 ಒಂದು ದಿನಕ್ಕೆ ಬಾಡಿಗೆಗೆ ತಂದೆ.

ದೊಡ್ಡ ಲೆನ್ಸಿನ ದಿನ ಬೆಳಿಗ್ಗೆ ಕೆರೆಗೆ ಹೋದೆ. ಮಿಂಚುಳ್ಳಿ ಕಣ್ಣ ಮುಂದೆಯೇ ಕೋಲಿನ ಮೇಲಿತ್ತು, ಆದರೆ 600ರಲ್ಲಿ ಅದನ್ನು ಹುಡುಕುವುದರೊಳಗೆ ಹಾರಿತು. ಮೂರು ಸಲ ಹೀಗಾಯಿತು. ಆಮೇಲೆ ಲೆನ್ಸನ್ನು 150ಕ್ಕೆ ತಂದು, ಕೋಲನ್ನು ನಡುವೆ ಇಟ್ಟುಕೊಂಡು, ಹಾಗೇ 600ಕ್ಕೆ ತಿರುಗಿಸುವುದನ್ನು ಕಲಿತೆ. ಸಿಕ್ಕ ಒಂದು ಚಿತ್ರ ನೋಡಿ ನನಗೆ ಮಾತೇ ಹೊರಡಲಿಲ್ಲ. ಕೊಕ್ಕಿನ ತುದಿಯಲ್ಲಿ ನೀರ ಹನಿ ಇತ್ತು. ಕೆರೆದಂಡೆಯವರ ಉತ್ಸಾಹ ಎಲ್ಲಿಂದ ಬರುತ್ತದೆಂದು ಆಗ ತಿಳಿಯಿತು.

ಎರಡನೆಯ ಗಂಟೆಗೆ ತೋಳು ಸೋತಿತು. ಎರಡು ಹಕ್ಕಿಗಳು ಎದುರಿಗೆ ಬಂದರೂ ಎತ್ತುವ ಮನಸ್ಸಾಗದೆ ಬಿಟ್ಟೆ. ಮನೆಗೆ ಬಂದ ಮೇಲೆ ಸೂರಕ್ಕಿ ಹೂವಿಗೆ ಬಂತು, ಎರಡು ಮೀಟರ್ ದೂರ. ಲೆನ್ಸ್ ಫೋಕಸ್ ಆಗಲೇ ಇಲ್ಲ. ಅಷ್ಟು ಹತ್ತಿರ ಅದಕ್ಕೆ ಸಾಧ್ಯವಿಲ್ಲವೆಂದು ಆಮೇಲೆ ಓದಿ ತಿಳಿದೆ. 55-250 ಆದರೆ 85 ಸೆಂಟಿಮೀಟರಿನವರೆಗೂ ಫೋಕಸ್ ಆಗುತ್ತದೆ. ಅದೇ ಸೂರಕ್ಕಿ ಅದರಲ್ಲಿ ಚೌಕಟ್ಟಿನ ಅರ್ಧದಷ್ಟು ತುಂಬಿತು.

ಆ ವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಬಸ್ ಕಾಯುವಾಗ, ಎಲ್ಲೆಂದರಲ್ಲಿ ಕ್ಯಾಮೆರಾ ನನ್ನ ಜೊತೆಗಿತ್ತು. ಒಂದು ತೊಂದರೆ: ಅರ್ಧಕ್ಕಿಂತ ಹೆಚ್ಚು ಚಿತ್ರಗಳು ಮಸುಕು. ಲೆನ್ಸಿನಲ್ಲಿ ಸ್ಥಿರೀಕರಣ ಇದ್ದರೂ ಹೀಗೇಕೆ? ಶಟರ್ ಸೆಕೆಂಡಿನ 1/125 ಇತ್ತು.

ಮಾಪಕ:
ಸ್ಥಿರೀಕರಣ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಹಕ್ಕಿಯ ಕತ್ತನ್ನು ನಿಲ್ಲಿಸುವುದಿಲ್ಲ. ಕೂತ ಹಕ್ಕಿಯೂ ಕ್ಷಣಕ್ಕೊಮ್ಮೆ ತಲೆ ಹೊರಳಿಸುತ್ತದೆ. ಕನಿಷ್ಠ 1/500, ಸಾಧ್ಯವಾದರೆ 1/1000 ಇಡಿ. ಮ್ಯಾನ್ಯುಯಲ್ ಮೋಡಿನಲ್ಲಿ ಶಟರ್ ಮತ್ತು ಅಪರ್ಚರ್ ನೀವೇ ಗೊತ್ತುಮಾಡಿ, ಐಎಸ್‌ಒ ಮಾತ್ರ ಆಟೋಗೆ ಬಿಡಿ. 1600, 3200ಕ್ಕೆ ಏರಿದರೆ ಹೆದರಬೇಡಿ. ಹರಳು ಹರಳಾಗಿ ಬಂದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ ಚಿತ್ರವನ್ನು ಆಗುವುದಿಲ್ಲ. ಫೋಕಸಿಗೆ ನಡುವಿನ ಒಂದೇ ಬಿಂದು ಆರಿಸಿ ಕಣ್ಣಿನ ಮೇಲಿಡಿ. ಎಲ್ಲ ಒಂಬತ್ತು ಬಿಂದುಗಳನ್ನೂ ಬಿಟ್ಟರೆ ಕ್ಯಾಮೆರಾ ಮುಂದಿನ ಎಲೆಯನ್ನೇ ಹಿಡಿಯುತ್ತದೆ.

ಪೊದೆಮರೆ:
ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟ ಮೇಲೆ ಗುಂಡಿ ಒತ್ತಿ. ಎಡಗೈ ಲೆನ್ಸಿನ ಕೆಳಗಿರಲಿ, ಪಕ್ಕದಲ್ಲಿ ಬೇಡ.

ಹೊಸಗಣ್ಣು:
ಬಳಸಿದ 55-250 ಎಸ್‌ಟಿಎಂ ತೆಗೆದುಕೊಂಡೆ. ಹಳೆಗಾಜು ಅವರು ಹೇಳಿದಂತೆ ಟಾರ್ಚ್ ಹಿಡಿದೇ ಹೋಗಿದ್ದೆ. ಒಳಗೆ ಮೂರು ಚುಕ್ಕೆ ಧೂಳು, ಬೂಷ್ಟಿಲ್ಲ. ನಾಲ್ಕು ಮೂಲೆಗಳೂ ಚೂಪು. ಮಾರಿದವರು ತಾಳ್ಮೆಯಿಂದ ಇಪ್ಪತ್ತು ನಿಮಿಷ ಕಾದರು.

ನನ್ನ ಹಕ್ಕಿಗಳಲ್ಲಿ ಹೆಚ್ಚಿನವು ಹತ್ತು ಮೀಟರ್ ಒಳಗೇ ಇವೆ ಎಂದು ಅಳೆದ ಮೇಲೆ ಮನಸ್ಸು ಹಗುರಾಯಿತು. ಬೆಳ್ಳಕ್ಕಿಯನ್ನು ಸದ್ಯಕ್ಕೆ ಕೆರೆಯ ಜೊತೆಗೇ ತೆಗೆಯುತ್ತೇನೆ: ಜೊಂಡು, ನೀರಿನಲ್ಲಿ ಅದರ ನೆರಳು, ಮೂಲೆಯಲ್ಲಿ ಬಿಳಿಯ ಹಕ್ಕಿ. ಉಳಿದ ಹಣವನ್ನು ಮುಟ್ಟಿಲ್ಲ.

ಕೆರೆದಂಡೆ:
ಮನಸಾರೆ ಅಭಿನಂದನೆಗಳು. ಅಳೆದು ತೂಗಿ ತೆಗೆದುಕೊಂಡಿದ್ದೀರಿ, ನನ್ನ ತಕರಾರಿಲ್ಲ. ಆದರೂ ಉಳಿದ ಹಣವನ್ನು ಮುಟ್ಟದೆ ಹಾಗೇ ಇಡಿ. ಕೊಕ್ಕಿನ ತುದಿಯ ಆ ನೀರ ಹನಿ ನಿಮ್ಮನ್ನು ಬಿಡುವುದಿಲ್ಲ. ಆ ದಿನ ಬಂದಾಗ ನನಗೆ ಬರೆಯಿರಿ, ಕಾಳಿನ ಚೀಲ ಹೊಲಿಯುವುದು ಹೇಗೆಂದು ಹೇಳಿಕೊಡುತ್ತೇನೆ.

ಹಳೆಗಾಜು:
ಲೆನ್ಸಿನ ಮುಂದೆ ಹಾಕುವ ಹುಡ್ ಸಿಕ್ಕಿತೇ? ಇಲ್ಲದಿದ್ದರೆ ಬೇರೆಯಾಗಿ ಕೊಳ್ಳಿ, ಅಗ್ಗ. ಎದುರು ಬಿಸಿಲನ್ನು ತಡೆಯುತ್ತದೆ, ಕೊಂಬೆ ತಾಗಿದಾಗ ಗಾಜನ್ನೂ ಕಾಯುತ್ತದೆ. ಅಗ್ಗದ ಯುವಿ ಫಿಲ್ಟರ್ ಮಾತ್ರ ಹಾಕಬೇಡಿ, ಚೂಪು ಹೋಗುತ್ತದೆ.

ಹೊಸಗಣ್ಣು:
ಹುಡ್ ಇರಲಿಲ್ಲ, ತರಿಸುತ್ತೇನೆ. ಇವತ್ತು ಬೆಳಿಗ್ಗೆ ಗೋಡೆಗೆ ಒರಗಿ ಕೂತು ಪಿಕಳಾರದ ಚಿತ್ರ ತೆಗೆದೆ. 1/1000, ಎಫ್/5.6, ಐಎಸ್‌ಒ 1600, ಆರು ಮೀಟರ್. ಪರದೆಯ ಮೇಲೆ ಪೂರ್ತಿ ಹಿಗ್ಗಿಸಿದೆ. ಕಣ್ಣಿನ ಕಪ್ಪಿನಲ್ಲಿ ಮೇಲೆ ಬಿಳಿಯ ಆಕಾಶ, ಕೆಳಗೆ ಅಡ್ಡಲಾಗಿ ಒಂದು ಕಪ್ಪು ಗೆರೆ. ತುಂಬ ಹೊತ್ತು ನೋಡಿದ ಮೇಲೆ ತಿಳಿಯಿತು, ಅದು ನಾನು ಒರಗಿದ್ದ ಗೋಡೆ.